ಹಾದಿಯಲ್ಲಿ ಕಳೆದ ಒಂದು ವೋಲ್ಟು

ಪುಣೆ ಬಿಟ್ಟ ಐದನೆಯ ರಾತ್ರಿ. ಶಿರಸಿಯಿಂದ ಸ್ವಲ್ಪ ದೂರ, ಪರಿಚಿತರೊಬ್ಬರ ಅಡಿಕೆ ತೋಟದ ಅಂಚಿಗೆ ವ್ಯಾನು ನಿಂತಿತ್ತು. ಜುಲೈ ತಿಂಗಳು. ತಗಡಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಹಾಗಿದ್ದೂ ಮೂರು ಗಂಟೆಯ ಹೊತ್ತಿಗೆ ಅವರ ಹೆಂಡತಿಗೆ ಎಚ್ಚರವಾದದ್ದು ಸದ್ದಿನಿಂದಲ್ಲ, ಒಂದು ಸದ್ದು ನಿಂತದ್ದರಿಂದ.

"ರೀ, ಏಳ್ರಿ. ಫ್ರಿಜ್ಜಿನ ಸಪ್ಪಳ ನಿಂತದ."

"ಥಂಡಿ ಆಗಿರಬೇಕು, ತಾನೇ ನಿಂತಿರತದ. ಮಲಕೋ."

"ದೀಪಾನೂ ಹತ್ತವಲ್ದು."

ಅವರು ಎದ್ದು ಟಾರ್ಚು ಹಿಡಿದು ನೋಡಿದರು. ಬ್ಯಾಟರಿಯ ವೋಲ್ಟೇಜು ತೀರ ಇಳಿದಾಗ ತಾನಾಗಿ ಆಫ್ ಆಗುವ ಏರ್ಪಾಡು ಫ್ರಿಜ್ಜಿನಲ್ಲಿತ್ತು. ಅದು ತನ್ನ ಕೆಲಸ ಮಾಡಿತ್ತು. ಒಳಗೆ ಹಾಲು, ಮೊಸರು, ಎರಡು ನಿಂಬೆಹಣ್ಣು, ಮತ್ತು ಬೆಣ್ಣೆ ಇಡುವ ಕಟ್ಟೆಯ ಮೇಲೆ ಸಾಲಾಗಿ ಇನ್ಸುಲಿನ್ನಿನ ಎಂಟು ಸೀಸೆಗಳು. ತೋಟದ ಮನೆಯಿಂದ ವೈರು ಎಳೆದುಕೊಳ್ಳೋಣವೆಂದರೆ ಅಲ್ಲಿ ಕರೆಂಟು ಹೋಗಿ ಎರಡು ದಿನವಾಗಿತ್ತು. ಮಲೆನಾಡಿನ ಮಳೆಗಾಲ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೆಳಗ್ಗೆ ಪುಣೆಯ ಡಾಕ್ಟರಿಗೆ ಫೋನು ಮಾಡಿದಾಗ ಅವರು ನಕ್ಕುಬಿಟ್ಟರು. ಸೀಲು ಒಡೆಯದ ಸೀಸೆಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು ನಿಜ. ಆದರೆ ಶಿರಸಿಯ ಆ ಹವೆಯಲ್ಲಿ ಒಂದು ರಾತ್ರಿ ಹೊರಗಿದ್ದರೆ ಏನೂ ಆಗುವುದಿಲ್ಲ, ಬಳಸುತ್ತಿರುವ ಸೀಸೆಯನ್ನಂತೂ ಸಾಮಾನ್ಯ ತಂಪಿನ ಕೋಣೆಯಲ್ಲಿ ವಾರಗಟ್ಟಲೆ ಇಡಬಹುದು. ಔಷಧಿ ಉಳಿಯಿತು. ಹೆಂಡತಿಯ ನಂಬಿಕೆ ಉಳಿಯಲಿಲ್ಲ. ಊರಿಗೆ ಹಿಂತಿರುಗುವ ದಾರಿಯುದ್ದಕ್ಕೂ ಅವರು ಪ್ರತಿ ಅರ್ಧ ಗಂಟೆಗೊಮ್ಮೆ ಹಿಂದೆ ಎದ್ದುಹೋಗಿ ಫ್ರಿಜ್ಜಿನ ಬಾಗಿಲಿಗೆ ಕಿವಿ ಹಚ್ಚುತ್ತಿದ್ದರು.

ವ್ಯಾನು ಅವರ ನಿವೃತ್ತಿಯ ಕನಸು. ಬ್ಯಾಂಕಿನ ಕೆಲಸದಲ್ಲಿ 31 ವರ್ಷ, ಒಂಬತ್ತು ವರ್ಗಾವಣೆ; ಪ್ರತಿ ಸಲ ಊರು ಬದಲಿಸಿದ್ದು ಹೊರತು ಊರು ನೋಡಿದ್ದಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ಹೆಂಡತಿಗೆ ಹೋಟೆಲಿನ ಊಟ ಒಗ್ಗುತ್ತಿರಲಿಲ್ಲ. ತಮ್ಮದೇ ಅಡುಗೆಮನೆ, ತಮ್ಮದೇ ಹಾಸಿಗೆ, ಔಷಧಿಗೆ ತಮ್ಮದೇ ಫ್ರಿಜ್ಜು ಇದ್ದರೆ ಹೊರಡಬಹುದು ಎಂದು ಮೊದಲು ಹೇಳಿದ್ದು ಅವರೇ. ಎರಡನೆಯ ಕೈಯ ಹದಿಮೂರು ಸೀಟಿನ ಒಂದು ಗಾಡಿ ಕೊಂಡು, ಆರ್‌ಟಿಒ ಅನುಮತಿಯ ಅಲೆದಾಟ ಮುಗಿಸಿ, ಒಂದು ವರ್ಕ್‌ಶಾಪಿಗೆ ಒಪ್ಪಿಸಿದ್ದರು. ಪ್ಲೈವುಡ್ಡು, ಪರದೆ, ಸಿಂಕು, ಗ್ಯಾಸ್ ಒಲೆ ಎಲ್ಲ ಚೊಕ್ಕವಾಗಿ ಬಂದಿದ್ದವು. ಹಾಸಿಗೆಯ ಕೆಳಗೆ ಏನಿದೆಯೆಂದು ಅವರು ಬಗ್ಗಿ ನೋಡಿದ್ದು ಮಾತ್ರ ಶಿರಸಿಯ ಆ ರಾತ್ರಿಯ ನಂತರ.

ಅಲ್ಲಿದ್ದದ್ದು ನಮ್ಮಲ್ಲಿ ಮನೆಮನೆಯ ಮೂಲೆಯಲ್ಲಿ ಇನ್ವರ್ಟರಿನ ಪಕ್ಕ ಕೂತಿರುವಂಥದೇ ಟ್ಯೂಬ್ಯುಲರ್ ಬ್ಯಾಟರಿ, 150 ಆಂಪಿಯರ್-ಅವರಿನವು ಎರಡು. ಎಂಜಿನ್ನಿಗೆ ಬೇರೆ ಬ್ಯಾಟರಿ. ಗಾಡಿ ಓಡುವಾಗ ಎಂಜಿನ್ನಿನ ಆಲ್ಟರ್ನೇಟರಿನಿಂದ ಒಂದು ರಿಲೇ ಮೂಲಕ ಮನೆಯ ಬ್ಯಾಟರಿಗಳಿಗೂ ಕರೆಂಟು ಬರುತ್ತದೆ. ಗಾಡಿ ನಿಂತಾಗ ರಿಲೇ ಬಿಟ್ಟುಕೊಂಡು ಎರಡೂ ಕಡೆ ಬೇರೆಯಾಗುತ್ತವೆ, ಎಂಜಿನ್ ಬ್ಯಾಟರಿ ಖಾಲಿಯಾಗಿ ಗಾಡಿ ಸ್ಟಾರ್ಟೇ ಆಗದಂಥ ಪ್ರಸಂಗ ಬಾರದಿರಲೆಂದು. ಮಾಡಿನ ಮೇಲೊಂದು 330 ವ್ಯಾಟಿನ ಸೋಲಾರ್ ಪ್ಯಾನೆಲ್. ಕಾಗದದ ಮೇಲೆ ನೋಡಿದರೆ ಏನೂ ಕೊರತೆಯಿಲ್ಲ.

ಯುರೋಪಿನಲ್ಲಿ ಇಂಥ ಗಾಡಿಗಳು ನಿಲ್ಲುವ ಜಾಗಗಳಲ್ಲಿ 230 ವೋಲ್ಟಿನ ನೀಲಿ ಸಾಕೆಟ್ಟು ಇರುತ್ತದೆ. ಸಂಜೆ ಹೋಗಿ ಸಿಕ್ಕಿಸಿಕೊಂಡರೆ ಬೆಳಗ್ಗೆ ಬ್ಯಾಟರಿ ತುಂಬಿರುತ್ತದೆ. ಅಲ್ಲಿಯವರ ವೀಡಿಯೊ ನೋಡಿ ಗಾಡಿ ಕಟ್ಟಿಸುವ ನಮ್ಮವರು ಇದನ್ನು ಮರೆಯುತ್ತಾರೆ. ನಮ್ಮಲ್ಲಿ ರಾತ್ರಿ ನಿಲ್ಲುವುದು ಧಾಬಾದ ಹಿತ್ತಲು, ಪೆಟ್ರೋಲ್ ಬಂಕು, ಗುಡಿಯ ಬಯಲು, ನೆಂಟರ ಮನೆಯ ಮುಂದಿನ ರಸ್ತೆ. ಪ್ಲಗ್ಗು ಸಿಕ್ಕರೆ ಸಿಕ್ಕಿತು. ಹಾಗಾಗಿ ಇಲ್ಲಿ ಚಾರ್ಜಿನ ಭಾರವೆಲ್ಲ ಬೀಳುವುದು ಆಲ್ಟರ್ನೇಟರಿನ ಮೇಲೆ ಮತ್ತು ಬಿಸಿಲಿನ ಮೇಲೆ. ಮಳೆಗಾಲದಲ್ಲಿ ಬರೀ ಆಲ್ಟರ್ನೇಟರಿನ ಮೇಲೆ.

ವರ್ಕ್‌ಶಾಪಿಗೆ ಫೋನು ಮಾಡಿದರು. ಬಂದ ಉತ್ತರ: ಬ್ಯಾಟರಿ ಸಾಲದು, ಇನ್ನೊಂದು ಹಾಕಿಸಿ. ಹಾಕಿಸಿದರು. ಐವತ್ತು ಕಿಲೋ ಮೀರಿದ ಇನ್ನೊಂದು ಡಬ್ಬ ಹಾಸಿಗೆಯ ಕೆಳಗೆ ಸೇರಿತು. ಹಳೆಯ ಬ್ಯಾಟರಿಗಳ ಜೊತೆ ಹೊಸದನ್ನು ಜೋಡಿಸಬಾರದು, ಹಳೆಯವು ಹೊಸದನ್ನೂ ತಮ್ಮ ಮಟ್ಟಕ್ಕೆ ಎಳೆದುಕೊಳ್ಳುತ್ತವೆ ಎಂಬುದನ್ನು ಯಾರೂ ಹೇಳಲಿಲ್ಲ.

ಆಗಸ್ಟಿನಲ್ಲಿ ನಾಗರ ಪಂಚಮಿ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಪಂಚಮಿಯೆಂದರೆ ತವರು. ಅರವತ್ತರ ವಯಸ್ಸಿನಲ್ಲೂ ಹುಬ್ಬಳ್ಳಿಯ ಅಣ್ಣನ ಮನೆಯ ಉಂಡಿಗೆ ಬೇರೆ ರುಚಿ, ಸಕ್ಕರೆ ಕಾಯಿಲೆ ಇದ್ದರೂ ಅರ್ಧ ಉಂಡಿಯ ಮಾಫಿ ಇರುತ್ತದೆ. ಮೂರು ಬ್ಯಾಟರಿಯ ಧೈರ್ಯದಿಂದ, ಹೆಂಡತಿಯನ್ನು ಒಪ್ಪಿಸಿ, ಅವರು ಕೊಂಕಣದ ದಾರಿ ಹಿಡಿದರು. ಆಲಸಿ ಪಯಣ, ದಿನಕ್ಕೆ ಎರಡು ಮೂರು ತಾಸು ಗಾಡಿ ಓಡಿಸುವುದು, ಸಮುದ್ರದ ಬದಿಗೆ ನಿಲ್ಲುವುದು. ಮಳೆ ಬಿಡಲಿಲ್ಲ. ಎಂಟನೆಯ ದಿನ, ಮಾಲವಣದ ಹತ್ತಿರ, ಫ್ರಿಜ್ಜು ಮತ್ತೆ ನಿಂತಿತು.

ಈ ಸಲ ಹೆಂಡತಿ ಯಾರನ್ನೂ ಕೇಳಲಿಲ್ಲ. ಮೀನು ಮಾರುವವರ ಹತ್ತಿರ ಚೂರು ಮಂಜುಗಡ್ಡೆ ಕೊಂಡು, ಸ್ಟೀಲ್ ಡಬ್ಬಿಯಲ್ಲಿ ಸುರಿದು, ಇನ್ಸುಲಿನ್ ಸೀಸೆಗಳನ್ನು ಅದರೊಳಗೆ ಹೂತಿಟ್ಟರು. ಮೀನಿನ ಮಂಜಿಗೆ ಉಪ್ಪು ಬೆರೆತಿರುತ್ತದೆ. ಉಪ್ಪು ಬೆರೆತ ಮಂಜು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ. ಸಂಜೆ ನೋಡಿದಾಗ ನಾಲ್ಕು ಸೀಸೆಗಳಲ್ಲಿ ಔಷಧಿ ಹೆಪ್ಪುಗಟ್ಟಿತ್ತು. ಇನ್ಸುಲಿನ್ ಸೆಕೆಗೆ ನಿಧಾನವಾಗಿ ಕೆಡುತ್ತದೆ, ಹೆಪ್ಪುಗಟ್ಟಿದರೆ ಒಂದೇ ಸಲಕ್ಕೆ. ಆಮೇಲೆ ಕರಗಿ ನೀರಿನಂತೆ ಕಂಡರೂ ಬಳಸುವಂತಿಲ್ಲ, ಎಸೆಯಬೇಕು. ಫೋನಿನಲ್ಲಿ ಡಾಕ್ಟರು ಈ ಸಲ ನಗಲಿಲ್ಲ.

ಹುಬ್ಬಳ್ಳಿ ಮುಟ್ಟಿದ ಮೇಲೆ ಹೆಂಡತಿ ಹೇಳಿದ್ದು ಒಂದೇ ಮಾತು: "ನಾ ಪುಣೆಕ್ಕ ಟ್ರೇನಿನ್ಯಾಗ ಹೋಗ್ತೀನಿ. ಗಾಡಿ ನೀವು ತೊಗೊಂಡು ಬರ್ರಿ." ಜಗಳವಾಗಿದ್ದರೆ ಅವರಿಗೆ ಸಮಾಧಾನವಿರುತ್ತಿತ್ತು.

ಹೆಂಡತಿಯ ಅಣ್ಣನೇ ಮರುದಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಕರೆದುಕೊಂಡು ಹೋದದ್ದು. ತಗಡಿನ ಅಂಗಡಿ, ಗೋಡೆಯ ತುಂಬ ಬಿಚ್ಚಿಟ್ಟ ಸ್ಟಾರ್ಟರ್ ಮೋಟಾರುಗಳು. ಲಾರಿ, ಟ್ರ್ಯಾಕ್ಟರು, ಬೋರ್‌ವೆಲ್ ಗಾಡಿಗಳ ನಡುವೆ ಅರವತ್ತೈದು ದಾಟಿದ ಮನುಷ್ಯ. ಮೋಟರ್‌ಹೋಮ್ ಅನ್ನುವ ಪದವನ್ನು ಆತ ಕೇಳಿರಲಿಲ್ಲ. ಒಳಗೆ ಹಾಸಿಗೆ, ಒಲೆ, ಸಿಂಕು ನೋಡಿ, "ಮನೀನ ಕಟ್ಟಿರಲ್ರಿ," ಎಂದು ನಕ್ಕು, ಎಂಜಿನ್ ಚಾಲೂ ಮಾಡಿಸಿ ಮೀಟರು ತೆಗೆದುಕೊಂಡ.

ಆತ ಮಾಡಿದ ಪರೀಕ್ಷೆ ಅಷ್ಟು ಸರಳ, ಅಷ್ಟೇ ಅಪರೂಪ. ಮೊದಲು ಆಲ್ಟರ್ನೇಟರಿನ ಮೇಲೆಯೇ ಮೀಟರಿನ ಎರಡು ಕಡ್ಡಿ ಇಟ್ಟ: 14.2 ವೋಲ್ಟು. ಆಮೇಲೆ ಹಿಂದೆ ಬಂದು ಹಾಸಿಗೆ ಎತ್ತಿ ಮನೆಯ ಬ್ಯಾಟರಿಯ ಮೇಲೆ ಇಟ್ಟ: 13.1. ಕ್ಲಾಂಪ್ ಮೀಟರು ಹಾಕಿ ಹರಿಯುವ ಕರೆಂಟು ನೋಡಿದ: 25 ಆಂಪಿಯರ್. ಮುಂದಿನಿಂದ ಹಿಂದಕ್ಕೆ ಬರುವಷ್ಟರಲ್ಲಿ 1.1 ವೋಲ್ಟು ಎಲ್ಲೋ ಸೋರಿತ್ತು.

"ಡೈನಮೋ ಚೊಲೋ ಐತ್ರಿ ಸರ್ರ. ಬ್ಯಾಟರಿನೂ ಪೂರ್ತಿ ಸತ್ತಿಲ್ಲ. ನಡಕಿನ ಹಾದಿ ಕೆಟ್ಟೈತಿ."

ಆ ತಲೆಮಾರಿನವರಿಗೆ ಆಲ್ಟರ್ನೇಟರು ಇನ್ನೂ ಡೈನಮೋನೇ. ಮೀಟರಿನ ಒಂದು ಕಡ್ಡಿ ಇಲ್ಲಿ, ಇನ್ನೊಂದು ಅಲ್ಲಿ ಇಡುತ್ತ ಆತ ಹಾದಿಯನ್ನು ತುಂಡುತುಂಡಾಗಿ ಅಳೆದ. ಪಾಸಿಟಿವ್ ವೈರು ಐದು ಮೀಟರ್ ಉದ್ದ, ಆರು ಸ್ಕ್ವೇರ್ ಎಂಎಂ ದಪ್ಪ, ಅದರಲ್ಲಿ 0.4 ವೋಲ್ಟು. ರಿಲೇ ಮತ್ತು ಅದಕ್ಕೆ ಇಕ್ಕಳದಲ್ಲಿ ಚಪ್ಪಟೆ ಮಾಡಿ ಸಿಕ್ಕಿಸಿದ್ದ ಲಗ್ಗುಗಳಲ್ಲಿ 0.2. ಉಳಿದ ಅರ್ಧ ವೋಲ್ಟು ಇದ್ದದ್ದು ಯಾರೂ ಹುಡುಕದ ಕಡೆ, ನೆಗೆಟಿವ್‌ನಲ್ಲಿ. ಗಾಡಿಗಳಲ್ಲಿ ಕರೆಂಟು ಹಿಂತಿರುಗುವುದು ಚಾಸಿಯ ಕಬ್ಬಿಣದ ಮೂಲಕ. ಹಿಂದಿನ ಬ್ಯಾಟರಿಯ ನೆಗೆಟಿವನ್ನು ಚಾಸಿಗೆ ಬೋಲ್ಟು ಹಾಕಿ ಬಿಗಿದಿದ್ದರು. ಆದರೆ ಬಿಗಿಯುವ ಮೊದಲು ಬಣ್ಣ ಕೆರೆದಿರಲಿಲ್ಲ. ಬಣ್ಣದ ಮೇಲೆ ಬೋಲ್ಟು, ಬೋಲ್ಟಿನ ಸುತ್ತ ಎರಡು ಮಳೆಗಾಲದ ತುಕ್ಕು.

"ಕೈ ಇಟ್ಟು ನೋಡ್ರಿ," ಎಂದ. ಬೋಲ್ಟು ಬೆಚ್ಚಗಿತ್ತು. 25 ಆಂಪಿಯರಿಗೆ ಅರ್ಧ ವೋಲ್ಟೆಂದರೆ ಹನ್ನೆರಡು ವ್ಯಾಟು. ಮನೆಯಲ್ಲಿ ಉರಿಯುವ ಒಂದು ಎಲ್‌ಇಡಿ ಬಲ್ಬಿಗಾಗುವಷ್ಟು ಶಕ್ತಿ ಆ ಬೋಲ್ಟನ್ನು ಕಾಯಿಸುತ್ತ ಕೂತಿತ್ತು.

"ಮತ್ತ ಮೂರನೇ ಬ್ಯಾಟರಿ ಯಾಕ ಹಾಕಿಸೀರಿ? ಹಸದಾವ್ರ ಮನಿಗೆ ಇನ್ನೊಬ್ರು ಬೀಗರು ಬಂದಂಗ ಆಗೈತಿ."

ಬರೀ ಒಂದು ವೋಲ್ಟಿಗೆ ಇಷ್ಟು ಗಲಾಟೆಯೇ ಎಂದು ಅನ್ನಿಸುವುದು ಸಹಜ. ಅವರಿಗೂ ಅನ್ನಿಸಿತ್ತು. ಲೆಡ್-ಆಸಿಡ್ ಬ್ಯಾಟರಿಯ ಸ್ವಭಾವ ಗೊತ್ತಾದರೆ ಮಾತ್ರ ಆ ಒಂದು ವೋಲ್ಟಿನ ಬೆಲೆ ತಿಳಿಯುತ್ತದೆ. ಅದನ್ನು ತುಂಬುವುದೆಂದರೆ ಹಬ್ಬದ ಹಿಂದಿನ ದಿನ ಬಸ್ಸು ತುಂಬಿದ ಹಾಗೆ. ಮೊದಲ ನಲವತ್ತು ಮಂದಿ ಬೇಗ ಹತ್ತಿ ಸೀಟು ಹಿಡಿಯುತ್ತಾರೆ. ಕೊನೆಯ ಹತ್ತು ಮಂದಿ ಫುಟ್‌ಬೋರ್ಡಿನಲ್ಲಿ ನಿಂತಿರುತ್ತಾರೆ. ಅವರನ್ನು ಒಳಗೆ ಸೇರಿಸಬೇಕಾದರೆ ಕಂಡಕ್ಟರು ಕೂಗಬೇಕು, ಹಿಂದಿನಿಂದ ತಳ್ಳಬೇಕು, ಅದಕ್ಕೆ ಹೊತ್ತೂ ಹಿಡಿಯುತ್ತದೆ. ವೋಲ್ಟೇಜೇ ಆ ತಳ್ಳುವ ಕೈ. ನಮ್ಮ ಟ್ಯೂಬ್ಯುಲರ್ ಬ್ಯಾಟರಿಗೆ ಸುಮಾರು 14.4 ವೋಲ್ಟನ್ನು ತಾಸುಗಟ್ಟಲೆ ಹಿಡಿದುಕೊಟ್ಟರೆ ಮಾತ್ರ ಕೊನೆಯ ಇಪ್ಪತ್ತು ಭಾಗ ತುಂಬುತ್ತದೆ, ಮತ್ತು ಆ ಇಪ್ಪತ್ತು ಭಾಗಕ್ಕೆ ಮೊದಲ ಎಂಬತ್ತು ಭಾಗಕ್ಕಿಂತ ಹೆಚ್ಚು ಹೊತ್ತು ಬೇಕಾದೀತು. 13.1ರಲ್ಲಿ ತಳ್ಳಿದರೆ ಬ್ಯಾಟರಿ ಬೇಡವೆನ್ನುವುದಿಲ್ಲ, ಸಾವಕಾಶವಾಗಿ ತೆಗೆದುಕೊಳ್ಳುತ್ತದೆ. ಬ್ಯಾಟರಿ ತುಂಬುತ್ತ ಬಂದಂತೆ ಕರೆಂಟು ಇಳಿದು, ಹಾದಿಯ ಸೋರಿಕೆಯೂ ಇಳಿದು, ವೋಲ್ಟೇಜು ಮೇಲೇರುತ್ತದೆ ನಿಜ. ದಿನವಿಡೀ ಓಡುವ ಲಾರಿಯಾದರೆ ಹಾಗೂ ತುಂಬೀತು. ಮೂರು ತಾಸು ಓಡುವ ಗಾಡಿಯಲ್ಲಿ ಫುಟ್‌ಬೋರ್ಡಿನವರು ಫುಟ್‌ಬೋರ್ಡಿನಲ್ಲೇ ಉಳಿಯುತ್ತಾರೆ.

ಉಳಿದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಅರೆಬರೆ ತುಂಬಿದ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಸಲ್ಫೇಟು ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಆ ಹರಳು ಮತ್ತೆ ಕರಗುವುದು ಕಷ್ಟ. ಎಲೆಕ್ಟ್ರಿಷಿಯನ್ ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು ತೋರಿಸಿದ. ತುಂಬಿದ ಬ್ಯಾಟರಿಯಲ್ಲಿ 1.240ರ ಮೇಲಿರಬೇಕಾದ ಗುಂಡು ಹಳೆಯ ಬ್ಯಾಟರಿಗಳ ಕೆಲವು ಖಾನೆಗಳಲ್ಲಿ 1.180ರ ಹತ್ತಿರ ಮುಳುಗಿತ್ತು. ವರ್ಷವೂ ತುಂಬದ ಬ್ಯಾಟರಿಗಳು ಹಸಿವಿನಿಂದಲೇ ಮುದಿಯಾಗಿದ್ದವು.

ಆ ದಿನದ ರಿಪೇರಿಗೆ ಹಿಡಿದದ್ದು ಅರ್ಧ ತಾಸು. ಬೋಲ್ಟು ಬಿಚ್ಚಿ, ಸ್ಯಾಂಡ್‌ಪೇಪರಿನಲ್ಲಿ ಕಬ್ಬಿಣ ಹೊಳೆಯುವ ತನಕ ತಿಕ್ಕಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನು ಸವರಿದ. ಮತ್ತೆ ಮೀಟರು: ಬ್ಯಾಟರಿಯ ಮೇಲೆ 13.4, ಕರೆಂಟು 34 ಆಂಪಿಯರ್. ಇನ್ನೂ 0.8 ವೋಲ್ಟು ಸೋರುತ್ತಿತ್ತು, ಯಾಕೆಂದರೆ ಈಗ ಹೆಚ್ಚು ಕರೆಂಟು ಹರಿಯುತ್ತಿತ್ತು, ಅದೇ ತೆಳು ವೈರಿನಲ್ಲಿ. ಆದರೂ ಒಂದು ಬೋಲ್ಟಿನಿಂದ ಮೂರನೆಯ ಬ್ಯಾಟರಿ ಕೊಡದ್ದು ಸಿಕ್ಕಿತ್ತು. ಆತ ನೂರು ರೂಪಾಯಿ ತೆಗೆದುಕೊಂಡು, "ವೈರು ದಪ್ಪಂದು ಹಾಕಿಸ್ರಿ. ಬ್ಯಾಟರಿ ಹತ್ರ ಫ್ಯೂಜ್ ಇಲ್ಲ, ಅದನ್ನ ಮೊದಲ ಹಾಕಿಸ್ರಿ," ಎಂದ.

ಫ್ಯೂಸಿನ ಮಾತು ಅವರನ್ನು ಅಂದು ರಾತ್ರಿ ಮಲಗಗೊಡಲಿಲ್ಲ. ಈ ವೈರಿಗೆ ಎರಡೂ ತುದಿಯಲ್ಲಿ ಬ್ಯಾಟರಿ ಇರುತ್ತದೆ. ನಡುವೆ ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದರೆ ಎರಡೂ ಕಡೆಯಿಂದ ನೂರಾರು ಆಂಪಿಯರ್ ನುಗ್ಗುತ್ತದೆ, ವೈರು ಕೆಂಡವಾಗುತ್ತದೆ. ಅದಕ್ಕೇ ಎರಡೂ ತುದಿಯಲ್ಲಿ, ಬ್ಯಾಟರಿಗೆ ಆದಷ್ಟು ಹತ್ತಿರ, ಒಂದೊಂದು ಫ್ಯೂಸು ಬೇಕು. ಪ್ಲೈವುಡ್ಡಿನ ಆ ಪೆಟ್ಟಿಗೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಅವರಿಬ್ಬರೂ ಹದಿಮೂರು ರಾತ್ರಿ ಮಲಗಿದ್ದರು.

ಒಬ್ಬರೇ ಪುಣೆಗೆ ಗಾಡಿ ಓಡಿಸಿಕೊಂಡು ಬಂದ ಮೇಲೆ ಅವರು ಮಾಡಿದ್ದು, ತಮಗೆ ಬರುತ್ತಿದ್ದ ಒಂದೇ ಕೆಲಸ: ಲೆಡ್ಜರು ಬರೆದದ್ದು. ಎಡಕ್ಕೆ ಖರ್ಚು. ಫ್ರಿಜ್ಜು ಓಡುವಾಗ ನಾಲ್ಕು ಆಂಪಿಯರ್ ಎಳೆಯುತ್ತದೆ, ದಿನದಲ್ಲಿ ಹತ್ತು ತಾಸು ಓಡುತ್ತದೆ, 40. ಫ್ಯಾನು 16. ದೀಪ, ಫೋನು, ನೀರಿನ ಪಂಪು ಎಲ್ಲ ಸೇರಿ 19. ದಿನಕ್ಕೆ 75 ಆಂಪಿಯರ್-ಅವರ್. ಬಲಕ್ಕೆ ಜಮಾ. ಮೂರು ತಾಸಿನ ಓಟದಲ್ಲಿ, ಮೊದಲು 25 ಇದ್ದ ಕರೆಂಟು ಇಳಿಯುತ್ತ ಹೋಗುವುದನ್ನು ಹಿಡಿದರೆ, 45. ಮಳೆಯಲ್ಲಿ ಸೋಲಾರಿನದು ಲೆಕ್ಕಕ್ಕೇ ಇಲ್ಲ. ದಿನಕ್ಕೆ 30ರ ಓವರ್‌ಡ್ರಾಫ್ಟು. ಲೆಡ್-ಆಸಿಡ್ಡಿನಲ್ಲಿ ಅರ್ಧಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಆಯಸ್ಸು ಕರಗುತ್ತದೆ. ಹಾಗಾಗಿ 300ರಲ್ಲಿ ಬಳಸಬಹುದಾದದ್ದು 150. 150ನ್ನು 30ರಿಂದ ಭಾಗಿಸಿದರೆ ಐದು. ಶಿರಸಿಯ ಐದನೆಯ ರಾತ್ರಿ! 450ರಲ್ಲಿ ಅರ್ಧ 225, ಏಳೂವರೆ ದಿನ. ಮಾಲವಣದ ಎಂಟನೆಯ ದಿನ. ಮೂರು ದಶಕ ಬೇರೆಯವರ ಸಾಲದ ಅರ್ಜಿಗಳಲ್ಲಿ ಇದೇ ತಪ್ಪನ್ನು ಹಿಡಿದವರು ತಮ್ಮ ಮನೆಯಲ್ಲಿ ಹಿಡಿಯಲಿಲ್ಲ: ಆದಾಯ ಸಾಲದವನಿಗೆ ದೊಡ್ಡ ಪೆಟ್ಟಿಗೆ ಕೊಡಿಸಿದ್ದರು.

ಆಮೇಲಿನ ಕೆಲಸ ನಾಲ್ಕು ತಿಂಗಳು ನಡೆಯಿತು. ವೈರು ಮೊದಲು. 25 ಸ್ಕ್ವೇರ್ ಎಂಎಂ ತಾಮ್ರ, ಪಾಸಿಟಿವ್ ಒಂದೇ ಅಲ್ಲ, ಚಾಸಿಯನ್ನು ನಂಬದೆ ನೆಗೆಟಿವ್‌ಗೂ ಬೇರೆ ವೈರು; ಲಗ್ಗುಗಳನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿದ್ದು. ಹೋಗುವ ಐದು, ಬರುವ ಐದು ಮೀಟರ್ ಸೇರಿ 30 ಆಂಪಿಯರಿಗೆ ಸೋರುವುದು ಕಾಲು ವೋಲ್ಟಿಗೂ ಕಡಿಮೆ.

ರಿಲೇ ತೆಗೆದು ಆ ಜಾಗದಲ್ಲಿ ಡಿಸಿ-ಡಿಸಿ ಚಾರ್ಜರು ಕೂರಿಸಿದರು. ಇಡೀ ಬದಲಾವಣೆಯಲ್ಲಿ ಹೆಚ್ಚು ಕೆಲಸ ಮಾಡಿದ ಸಾಮಾನು ಇದು. ರಿಲೇ ಬರೀ ಬಾಗಿಲು. ಆ ಕಡೆಯಿಂದ ಏನು ಬಂದೀತೋ ಅದನ್ನು ಬಿಡುತ್ತದೆ. ಚಾರ್ಜರು ಹಾಗಲ್ಲ. ಮುಂದಿನಿಂದ 13.5 ಬರಲಿ, 12.8 ಬರಲಿ, ಅದನ್ನು ಏರಿಸಿ ಬ್ಯಾಟರಿಗೆ ಬೇಕಾದ 14.4ನ್ನೇ ಕೊಡುತ್ತದೆ, ಬ್ಯಾಟರಿ ತುಂಬಿದ ಮೇಲೆ ತಾನಾಗಿ ಇಳಿಸುತ್ತದೆ. ಇಗ್ನಿಷನ್ ಕೀಲಿಯಿಂದ ಒಂದು ಸಣ್ಣ ವೈರು ಕೊಟ್ಟರೆ ಎಂಜಿನ್ ನಿಂತಾಗ ಸುಮ್ಮನಾಗುತ್ತದೆ. ಹೊಸ ಗಾಡಿಗಳಲ್ಲಿ ಇದು ಇಲ್ಲದೆ ನಡೆಯುವುದೇ ಇಲ್ಲ. ಅವರ ಷಡ್ಡಕರೊಬ್ಬರು ಚೆನ್ನೈನಲ್ಲಿ 2020ರ ನಂತರದ, ಬಿಎಸ್6 ಗಾಡಿಯೊಂದನ್ನು ಹೀಗೇ ಮನೆ ಮಾಡಿಸಿಕೊಂಡಿದ್ದಾರೆ. ಅದರ ಆಲ್ಟರ್ನೇಟರು ಡೀಸೆಲ್ ಉಳಿಸಲೆಂದು, ಎಂಜಿನ್ ಬ್ಯಾಟರಿ ತುಂಬಿದೊಡನೆ ತನ್ನ ವೋಲ್ಟೇಜನ್ನು ಹನ್ನೆರಡೂವರೆಯ ಸುಮಾರಿಗೆ ಇಳಿಸಿಬಿಡುತ್ತದೆ, ಬ್ರೇಕು ಒತ್ತಿದಾಗ ಮತ್ತೆ ಏರಿಸುತ್ತದೆ. ಹೈವೇಯಲ್ಲಿ ದಿನವಿಡೀ ಓಡಿದರೂ ಅವರ ಹಿಂದಿನ ಬ್ಯಾಟರಿ ತುಂಬುತ್ತಿರಲಿಲ್ಲ. ಗಾಡಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದು ಜಾಣತನದಿಂದ ನಡೆದುಕೊಳ್ಳುತ್ತಿತ್ತು.

ಸೋಲಾರಿನ ಕಥೆ ನಗೆ ಬರಿಸುವಂಥದು. ಮಾಡಿನ ಮೇಲಿನ ಪ್ಯಾನೆಲ್ ಮನೆಯ ತಾರಸಿಗೆ ಹಾಕುವಂಥದು, 72 ಸೆಲ್ಲಿನದು. ಅದು ಒಳ್ಳೆಯ ಬಿಸಿಲಿನಲ್ಲಿ ಸುಮಾರು 37 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್ ಕೊಡುತ್ತದೆ. ವರ್ಕ್‌ಶಾಪಿನವರು ಅದಕ್ಕೆ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರು ಹಾಕಿದ್ದರು. ಆ ಜಾತಿಯ ಕಂಟ್ರೋಲರಿಗೆ ವೋಲ್ಟನ್ನು ಆಂಪಿಯರಿಗೆ ಪರಿವರ್ತಿಸಲು ಬರುವುದಿಲ್ಲ. ಒಂಬತ್ತು ಆಂಪಿಯರನ್ನು ಹಾಗೇ 13 ವೋಲ್ಟಿನ ಬ್ಯಾಟರಿಗೆ ಬಿಡುತ್ತದೆ, ಉಳಿದ 24 ವೋಲ್ಟು ಯಾರ ಖಾತೆಗೂ ಜಮಾ ಆಗುವುದಿಲ್ಲ. 330 ವ್ಯಾಟಿಗೆ ಹಣ ಕೊಟ್ಟು 120 ತೆಗೆದುಕೊಳ್ಳುತ್ತಿದ್ದರು. ಎಂಪಿಪಿಟಿ ಕಂಟ್ರೋಲರು ಹಾಕಿದ ದಿನ, ಅದೇ ಪ್ಯಾನೆಲ್, ಅದೇ ಸೊಸೈಟಿಯ ಪಾರ್ಕಿಂಗು, ಮಧ್ಯಾಹ್ನ ಹದಿನೇಳು ಆಂಪಿಯರ್ ತೋರಿಸಿತು. ಪ್ಯಾನೆಲ್ ಕಾದರೆ, ಮಲಗಿದಂತಿದ್ದರೆ, ಧೂಳು ಕೂತರೆ ಹೆಸರಿನಷ್ಟು ಬರುವುದಿಲ್ಲ, ಹದಿನೇಳು ಒಳ್ಳೆಯದೇ. ಮರದ ನೆರಳು ಒಂದು ಮೂಲೆಗೆ ಬಿದ್ದರೂ ಎಷ್ಟು ಇಳಿಯುತ್ತದೆಂದು ಅವರು ಗಾಡಿಯನ್ನು ಹಿಂದೆ ಮುಂದೆ ಮಾಡಿ ನೋಡಿದರು. ವಾಚ್‌ಮನ್ ವಿಚಿತ್ರವಾಗಿ ನೋಡುತ್ತಿದ್ದ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ಮಾತುಕತೆ ಆಯಿತು. ಹಳೆಯವು ಸತ್ತಿದ್ದವು, ಹೊಸದು ಬೇಕೇ ಬೇಕು. ಅವರ ಮನಸ್ಸು ಲಿಥಿಯಮ್ಮಿನ ಕಡೆಗಿತ್ತು. ಹೆಂಡತಿ ಒಪ್ಪಲಿಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವು ಕಡೆ ಎಲೆಕ್ಟ್ರಿಕ್ ಸ್ಕೂಟರುಗಳು ರಸ್ತೆಯ ಮೇಲೆ ಹೊತ್ತಿ ಉರಿದ ವೀಡಿಯೊಗಳನ್ನು ಎಲ್ಲರಂತೆ ಅವರೂ ನೋಡಿದ್ದರು. "ಅದರ ಮ್ಯಾಲ ನಾ ಮಲಗಂಗಿಲ್ಲ."

ಆ ಹೆದರಿಕೆಯನ್ನು ತಳ್ಳಿಹಾಕುವಂತಿರಲಿಲ್ಲ. ಅವರು ವಾರಗಟ್ಟಲೆ ಓದಿ ಕೊಟ್ಟ ಉತ್ತರ ಇದು: ಲಿಥಿಯಮ್ಮಿನಲ್ಲಿ ಜಾತಿಗಳಿವೆ, ಐರನ್-ಫಾಸ್ಫೇಟ್ ಜಾತಿಯದು ತೂಕಕ್ಕೆ ಹೋಲಿಸಿದರೆ ಸ್ವಲ್ಪ ಕಡಿಮೆ ಶಕ್ತಿ ಹಿಡಿಯುತ್ತದೆ, ಆದರೆ ಕಾವಿಗೆ ಅಷ್ಟು ಸುಲಭವಾಗಿ ಕೆರಳುವುದಿಲ್ಲ. ಬೆಂಕಿಯೇ ಬಾರದು ಎಂದೇನಲ್ಲ. ಇನ್ನೊಂದು ಕಡೆ, ಇದುವರೆಗೆ ಹಾಸಿಗೆಯ ಕೆಳಗಿದ್ದದ್ದೂ ಸಾಧುವಲ್ಲ: ನೀರಿನ ಬ್ಯಾಟರಿ ಚಾರ್ಜಾಗುವ ಕೊನೆಯ ಹಂತದಲ್ಲಿ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಭಾಗ ಸೇರಿದರೆ ಕಿಡಿಗೆ ಸಿಡಿಯುತ್ತದೆ. ಹೊರಗೆ ಹೋಗಲು ಕೊಳವೆಯಿಲ್ಲದ ಪೆಟ್ಟಿಗೆಯಲ್ಲಿ ಅದನ್ನು ಇಟ್ಟಿದ್ದರು. ಸರಿಯಾಗಿ ಚಾರ್ಜಾಗದೆ ಇದ್ದದ್ದರಿಂದಲೇ ಗ್ಯಾಸು ಹೆಚ್ಚು ಬಂದಿರಲಿಲ್ಲ. ಇದನ್ನು ಕೇಳಿ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು, "ಹಂಗಾರ ಹಾಸಿಗಿ ಕೆಳಗ್ಯಾಕ? ಮುಂದ ಸೀಟಿನ ಹಿಂದ ಇಡಾಕ ಬರಂಗಿಲ್ಲೇನು?"

ಬರುತ್ತಿತ್ತು. ಮೂರು ಬ್ಯಾಟರಿಗಳ ಜಾಗಕ್ಕೆ ಒಂದೇ, 200 ಆಂಪಿಯರ್-ಅವರಿನದು, ಇಪ್ಪತ್ತೈದು ಕಿಲೋ ಒಳಗೆ, ಡ್ರೈವರ್ ಸೀಟಿನ ಹಿಂದೆ, ಲೋಹದ ಪೆಟ್ಟಿಗೆಯಲ್ಲಿ. ವೈರು ಎರಡು ಮೀಟರು ಕಡಿಮೆಯಾಯಿತು. ವರ್ಕ್‌ಶಾಪಿನವರಿಗೂ ಅವರಿಗೂ ಹೊಳೆಯದ ಸುಧಾರಣೆ. ಲಿಥಿಯಮ್ಮಿನಲ್ಲಿ ನೂರಕ್ಕೆ ಎಂಬತ್ತನ್ನು ನಿಶ್ಚಿಂತೆಯಾಗಿ ಬಳಸಬಹುದು, ಮತ್ತು ಅದಕ್ಕೆ ಫುಟ್‌ಬೋರ್ಡಿನ ಗೋಳಿಲ್ಲ: ಹೆಚ್ಚುಕಡಿಮೆ ಕೊನೆಯ ತನಕ ಕೊಟ್ಟಷ್ಟನ್ನೂ ನುಂಗುತ್ತದೆ. ಅದೇ ಅದರ ಅಪಾಯವೂ ಹೌದು. ಆಲ್ಟರ್ನೇಟರಿಗೆ ನೇರ ಜೋಡಿಸಿದರೆ ಮಿತಿಯಿಲ್ಲದೆ ಎಳೆದು, ಟ್ರಾಫಿಕ್ಕಿನಲ್ಲಿ ಎಂಜಿನ್ ನಿಧಾನಕ್ಕೆ ತಿರುಗುತ್ತಿರುವಾಗ ಗಾಳಿ ಸಾಲದ ಆಲ್ಟರ್ನೇಟರನ್ನು ಸುಟ್ಟೀತು. ನಡುವಿನ ಚಾರ್ಜರು 30 ಆಂಪಿಯರಿಗೆ ಕಟ್ಟು ಹಾಕುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜು ಮಾಡಬಾರದು. ಅವರ ಪಟ್ಟಿಯಲ್ಲಿ ಸ್ಪಿತಿ ಇದೆ, ಆ ತಲೆನೋವನ್ನು ಅಲ್ಲಿಗೆ ಹೋಗುವಾಗ ನೋಡಿಕೊಳ್ಳುವುದು.

ಕೊನೆಯದಾಗಿ ಒಂದು ಶಂಟು ಮತ್ತು ಅಂಗೈಯಗಲದ ಮಾನಿಟರು. ವೋಲ್ಟೇಜು ನೋಡಿ ಬ್ಯಾಟರಿಯಲ್ಲಿ ಎಷ್ಟಿದೆಯೆಂದು ಹೇಳುವುದು ಅಂಗಿ ನೋಡಿ ಸಾಲ ಕೊಟ್ಟಂತೆ. ಅದರಲ್ಲೂ ಲಿಥಿಯಮ್ಮು ಮುಕ್ಕಾಲಿದ್ದರೂ 13.2, ಅರ್ಧವಿದ್ದರೂ ಹೆಚ್ಚುಕಡಿಮೆ ಅಷ್ಟೇ ತೋರಿಸುತ್ತದೆ. ಶಂಟು ನೆಗೆಟಿವ್ ವೈರಿನಲ್ಲಿ ಕೂತು ಒಳಗೆ ಹೋದ, ಹೊರಗೆ ಬಂದ ಪ್ರತಿ ಆಂಪಿಯರನ್ನೂ ಎಣಿಸುತ್ತದೆ. ಪಾಸ್‌ಬುಕ್ಕು. ಅದನ್ನು ಎಲ್ಲಿ ಹಚ್ಚಬೇಕೆಂದು ಹೆಂಡತಿಯೇ ತೋರಿಸಿದರು, ತಮ್ಮ ದಿಂಬಿನ ಕಡೆಗೆ, ಮಲಗಿದಲ್ಲಿಂದ ಕಾಣುವ ಹಾಗೆ. ಬರುತ್ತೇನೆಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ.

ಮರುವರ್ಷದ ಜುಲೈನಲ್ಲಿ ಮತ್ತೆ ಶಿರಸಿ. ಬೇಕೆಂದೇ ಮಳೆ ಹುಡುಕಿಕೊಂಡು ಹೋದರೆನ್ನಬಹುದು. ಅದೇ ತೋಟ, ಅದೇ ಅಂಚು. ಒಂದು ದಿನ ಸಹಸ್ರಲಿಂಗ, ಇನ್ನೊಂದು ದಿನ ಯಾಣದ ದಾರಿ, ದಿನಕ್ಕೆ ತಾಸೊಂದರ ಓಟ, 30 ಆಂಪಿಯರ್-ಅವರ್ ಜಮಾ. ಮೋಡದೊಳಗಿಂದಲೂ ಪ್ಯಾನೆಲ್ ಇಪ್ಪತ್ತರ ಸುಮಾರು ಕೊಟ್ಟಿತು. ತೋಟದ ಮನೆಯಲ್ಲಿ ಕರೆಂಟು ಹೋಗಿತ್ತು, ಮನೆಯವರ ಎರಡು ಫೋನುಗಳು ವ್ಯಾನಿನಲ್ಲಿ ಚಾರ್ಜಿಗೆ ಕೂತಿದ್ದವು.

ಮೂರನೆಯ ರಾತ್ರಿ, ಮೂರು ಗಂಟೆಯ ಹೊತ್ತು. ಸಪ್ಪಳ ನಿಂತಿತು. ಇಬ್ಬರಿಗೂ ಎಚ್ಚರವಾಯಿತು, ಇಬ್ಬರೂ ಮಾತಾಡಲಿಲ್ಲ. ಹೆಂಡತಿ ಕೈಚಾಚಿ ಮಾನಿಟರಿನ ಗುಂಡಿ ಒತ್ತಿದರು. ನೀಲಿ ಬೆಳಕಿನಲ್ಲಿ 61 ಎಂದು ಬಂತು. ಎದ್ದು ಫ್ರಿಜ್ಜಿನ ಬಾಗಿಲು ತೆರೆದರು, ಒಳಗಿನ ಥರ್ಮಾಮೀಟರಿಗೆ ಟಾರ್ಚು ಹಿಡಿದರು. ನಾಲ್ಕು ಡಿಗ್ರಿ. ಬಾಗಿಲು ತೆರೆದದ್ದಕ್ಕೋ ಏನೋ, ಕಂಪ್ರೆಸರು ಒಮ್ಮೆ ನಡುಗಿ ಮತ್ತೆ ಗುರುಗುಟ್ಟತೊಡಗಿತು.

"ಥಂಡಿ ಆಗಿತ್ತು, ತಾನೇ ನಿಂತಿತ್ತು," ಎಂದರು. "ಮಲಕೋರಿ."